ಜಲಾಂತರ್ಗಾಮಿಯೂ ಗುಲಾಬಿಯೂ: ಕಾಫಿ ಸೀಮೆಯ ನೆಲೆಯಿಂದ ಒಂದು ಸಮೀಕ್ಷೆ

ಜಲಾಂತರ್ಗಾಮಿಯು ನೀರಿನ ಮೇಲೆಯೂ ನೀರಿನೊಳಗೂ ಸಂಚರಿಸಬಲ್ಲ ನೌಕೆ. ಗುಲಾಬಿಯು ರೋಸೇಸಿ ಕುಟುಂಬದ ರೋಸ ಜಾತಿಗೆ ಸೇರಿದ, ಕಾಂಡದಲ್ಲಿ ಮುಳ್ಳನ್ನೂ ಹೂವಿನಲ್ಲಿ ಪರಿಮಳವನ್ನೂ ಧರಿಸಿದ ಪೊದೆಗಿಡ. ಮೊದಲನೆಯದು ಯುದ್ಧದ ಸಾಧನ, ಎರಡನೆಯದು ಉಪವನದ ಅಲಂಕಾರ. ಕುದುರೆಮುಖದ ನೆತ್ತಿಯಿಂದ ಆಕಾಶ ನಿರ್ಮಲವಾಗಿರುವ ದಿನ ಕಡಲನ್ನು ದೂರದ ಒಂದು ಗೆರೆಯಾಗಿ ಕಾಣಬಹುದಾದ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಗೂ ಈ ಎರಡು ವಸ್ತುಗಳಿಗೂ ಸಂಬಂಧವೇನೆಂದು ಕೇಳುವವರಿಗೆ ಉತ್ತರವು ಆ ಗೆರೆಯಲ್ಲಿಯೇ ಇದೆ. ಶತ್ರುವು ಕಡಲ ದಾರಿಯನ್ನು ಮುಚ್ಚಿದಾಗ, ಅದನ್ನು ಭೇದಿಸುವ ಉಪಾಯವಾಗಿ ಜಲಾಂತರ್ಗಾಮಿ ಹುಟ್ಟಿತು; ಆ ದಾರಿ ತೆರೆದಿದ್ದಾಗ ಗುಲಾಬಿ ಖಂಡದಿಂದ ಖಂಡಕ್ಕೆ ಸಾಗಿ ತನ್ನ ಇಂದಿನ ರೂಪವನ್ನು ಪಡೆಯಿತು; ಹದಿನೇಳನೆಯ ಶತಮಾನದಲ್ಲಿ ಯೆಮನ್ನಿನಿಂದ ಬಾಬಾಬುಡನರು ಏಳು ಬೀಜಗಳನ್ನು ತಂದರೆಂದು ಪರಂಪರೆ ಹೇಳುವ ಕಾಫಿಯೂ ಅದೇ ದಾರಿಯಲ್ಲಿ ಬಂದು, ಅದೇ ದಾರಿಯಲ್ಲಿ ಮಾರಾಟಕ್ಕೆ ಹೊರಟಿತು. ಆದುದರಿಂದ ಈ ಮೂರರ ಚರಿತ್ರೆಯನ್ನು ಒಂದೇ ಸೂತ್ರದಲ್ಲಿ ಪೋಣಿಸಿ ನೋಡುವುದು ಯುಕ್ತವಾಗಿದೆ.

ಯುದ್ಧಕಾಲದ ಆದಿ ಪ್ರಯೋಗಗಳು

ನೀರಿನಡಿಯಲ್ಲಿ ಸಾಗುವ ದೋಣಿಯ ಕಲ್ಪನೆ ಪ್ರಾಚೀನವಾದದ್ದು. 1578ರಲ್ಲಿ ಇಂಗ್ಲೆಂಡಿನ ವಿಲಿಯಂ ಬೋರ್ನ್ ಅಂಥ ದೋಣಿಯ ವಿನ್ಯಾಸವನ್ನು ಬರಹದಲ್ಲಿ ನಿರೂಪಿಸಿದನು. 1620ರ ಸುಮಾರಿಗೆ ಹಾಲೆಂಡಿನ ಕಾರ್ನೇಲಿಯಸ್ ಡ್ರೆಬಲ್ ಎಣ್ಣೆಯೂಡಿದ ಚರ್ಮವನ್ನು ಹೊದಿಸಿದ, ಹುಟ್ಟು ಹಾಕಿ ನಡೆಸುವ ದೋಣಿಯನ್ನು ಥೇಮ್ಸ್ ನದಿಯಲ್ಲಿ ಮುಳುಗಿಸಿ ನಡೆಸಿದನೆಂದು ಪ್ರಸಿದ್ಧಿಯುಂಟು. ಇವು ರಾಜಾಸ್ಥಾನದ ಕುತೂಹಲವನ್ನು ತಣಿಸಿದ ಪ್ರಯೋಗಗಳಾಗಿದ್ದುವೇ ಹೊರತು ಯುದ್ಧದ ಅಗತ್ಯದಿಂದ ಹುಟ್ಟಿದವಾಗಿರಲಿಲ್ಲ.

ಶತ್ರುವಿನ ಹಡಗನ್ನು ನಾಶಮಾಡುವ ಉದ್ದೇಶದಿಂದಲೇ ನಿರ್ಮಿತವಾಗಿ, ಆ ಉದ್ದೇಶಕ್ಕೆ ನಿಜವಾಗಿ ಪ್ರಯುಕ್ತವಾದ ಮೊದಲನೆಯ ಜಲಾಂತರ್ಗಾಮಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ‘ಟರ್ಟಲ್’. ಯೇಲ್ ವಿದ್ಯಾಲಯದಲ್ಲಿ ಓದಿದ ಡೇವಿಡ್ ಬುಷ್ನೆಲ್ ಎಂಬ ತರುಣನು 1775ರಲ್ಲಿ ಇದನ್ನು ಕಟ್ಟಿಸಿದನು. ಓಕ್ ಮರದ ಹಲಗೆಗಳನ್ನು ಪೀಪಾಯಿಯಂತೆ ಬಿಗಿದು ಮಾಡಿದ ಅಂಡಾಕಾರದ ಈ ದೋಣಿಯಲ್ಲಿ ಒಬ್ಬನೇ ಕುಳಿತು, ಕೈಯಿಂದ ತಿರುಪನ್ನು ತಿರುಗಿಸಿ ಮುಂದಕ್ಕೆ ಸಾಗಬೇಕು. ಕಾಲಿನಿಂದ ಕವಾಟವನ್ನೊತ್ತಿ ನೀರನ್ನು ಒಳಬಿಟ್ಟುಕೊಂಡರೆ ದೋಣಿ ಮುಳುಗುವುದು, ಪಂಪಿನಿಂದ ಆ ನೀರನ್ನು ಹೊರಹಾಕಿದರೆ ಮೇಲೇಳುವುದು. ಒಳಗಿನ ಗಾಳಿ ಸುಮಾರು ಅರ್ಧಗಂಟೆಗೆ ಸಾಕು. ನೀರಿನಡಿಯ ಕತ್ತಲಿನಲ್ಲಿ ದಿಕ್ಸೂಚಿಯನ್ನು ನೋಡುವುದಕ್ಕೆ ದೀಪ ಹಚ್ಚಿದರೆ ಉಸಿರಾಡುವ ಗಾಳಿಯೇ ವ್ಯಯವಾಗುವುದರಿಂದ, ಬುಷ್ನೆಲ್ ಕೊಳೆತ ಮರದಲ್ಲಿ ಬೆಳೆದು ತಾನಾಗಿಯೇ ಬೆಳಗುವ ಶಿಲೀಂಧ್ರವನ್ನು ದಿಕ್ಸೂಚಿಯ ಮುಳ್ಳಿಗೂ ಆಳಮಾಪಕಕ್ಕೂ ಬಳಸಿದನು. ಮಲೆನಾಡಿನವರಿಗೆ ಈ ಬೆಳಕು ಅಪರಿಚಿತವಲ್ಲ. ಮುಂಗಾರಿನ ನಡುರಾತ್ರಿಯಲ್ಲಿ ಪಶ್ಚಿಮ ಘಟ್ಟದ ಕಾಡುಗಳೊಳಗೆ ಬಿದ್ದ ಮರಗಳ ಮೇಲೆ ಇಂಥದೇ ಶಿಲೀಂಧ್ರಗಳು ಮಂದವಾದ ಹಸಿರು ಕಾಂತಿಯನ್ನು ಬೀರುತ್ತವೆ. ಚಳಿಗಾಲದಲ್ಲಿ ಆ ಕಾಂತಿ ಕುಂದಿದಾಗ ಬುಷ್ನೆಲ್‌ನ ಪ್ರಯೋಗಕ್ಕೆ ವಿಘ್ನವುಂಟಾಗಿ, ಬೇರೆ ಬೆಳಕಿನ ವಿಷಯದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನ ಸಲಹೆಯನ್ನು ಕೇಳಬೇಕಾಯಿತು.

1776ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ ಎಜ್ರಾ ಲೀ ಎಂಬ ಸಾರ್ಜೆಂಟ್ ‘ಟರ್ಟಲ್’ನಲ್ಲಿ ಕುಳಿತು, ನ್ಯೂಯಾರ್ಕ್ ಬಂದರಿನಲ್ಲಿ ಲಂಗರು ಹಾಕಿದ್ದ ಬ್ರಿಟಿಷ್ ನೌಕಾಧಿಪತಿಯ ‘ಈಗಲ್’ ಹಡಗಿನ ತಳವನ್ನು ಸೇರಿದನು. ಸಿಡಿಮದ್ದಿನ ಪೆಟ್ಟಿಗೆಯನ್ನು ತಗಲಿಸಬೇಕಾದ ತಿರುಪುಮೊಳೆ ಹಡಗಿನ ತಳಕ್ಕೆ ಇಳಿಯಲಿಲ್ಲ. ಪ್ರಯತ್ನ ವಿಫಲವಾಯಿತು, ಆದರೆ ಬಲಾಢ್ಯವಾದ ನೌಕಾಪಡೆಯನ್ನು ಎದುರಿಗೆ ನಿಂತು ಗೆಲ್ಲಲಾರದವನು ಅದರ ಅಡಿಯಿಂದ ಸಾಗಿ ಹೊಡೆಯಬಹುದೆಂಬ ತತ್ತ್ವವು ಅಂದು ಸ್ಥಾಪಿತವಾಯಿತು.

ಇದೇ ತತ್ತ್ವವನ್ನು ಅಮೆರಿಕದ ರಾಬರ್ಟ್ ಫುಲ್ಟನ್ ಫ್ರಾನ್ಸಿನಲ್ಲಿ ಮುಂದುವರಿಸಿದನು. 1800ರಲ್ಲಿ ಅವನು ನೀರಿಗಿಳಿಸಿದ ‘ನಾಟಿಲಸ್’ ಕಬ್ಬಿಣದ ಚೌಕಟ್ಟಿಗೆ ತಾಮ್ರದ ತಗಡು ಹೊದಿಸಿದ ನೌಕೆಯಾಗಿದ್ದು, ನೀರಿನ ಮೇಲೆ ಹಾಯಿಯಿಂದಲೂ ಒಳಗೆ ಕೈತಿರುಪಿನಿಂದಲೂ ಸಾಗುತ್ತಿತ್ತು. ನೆಪೋಲಿಯನ್ ಅದರಲ್ಲಿ ಆಸ್ಥೆ ವಹಿಸದೆ ಹೋದುದರಿಂದ ಫುಲ್ಟನ್ ಇಂಗ್ಲೆಂಡಿಗೆ ಹೋದನು; 1805ರ ಅಕ್ಟೋಬರಿನಲ್ಲಿ ‘ಡೊರೊತಿಯ’ ಎಂಬ ಹಳೆಯ ಹಡಗನ್ನು ನೀರೊಳಗಿನ ಸಿಡಿಮದ್ದಿನಿಂದ ಸೀಳಿ ತೋರಿಸಿದನು. ಆದರೆ ಆಗಲೇ ಸಮುದ್ರಾಧಿಪತ್ಯವನ್ನು ಪಡೆದಿದ್ದ ಬ್ರಿಟನ್ನಿಗೆ, ಆ ಆಧಿಪತ್ಯವನ್ನೇ ಕೆಡಿಸಬಲ್ಲ ಸಾಧನ ಬೇಕಿರಲಿಲ್ಲ.

1850ರಲ್ಲಿ ಡೆನ್ಮಾರ್ಕಿನ ನೌಕಾದಿಗ್ಬಂಧನವನ್ನು ಮುರಿಯಲೆಂದು ಜರ್ಮನಿಯ ವಿಲ್ಹೆಲ್ಮ್ ಬೌವರ್ ಕೀಲ್ ಬಂದರಿನಲ್ಲಿ ಕಟ್ಟಿದ ‘ಬ್ರಾಂಡ್‌ಟೌಕರ್’ ಮುಂದಿನ ವರ್ಷದ ಫೆಬ್ರವರಿ 1ರಂದು ಪರೀಕ್ಷೆಯಲ್ಲಿಯೇ ತಳ ಸೇರಿತು. ಒಳಗೆ ನೀರು ತುಂಬಿ ಒಳ ಹೊರಗಿನ ಒತ್ತಡಗಳು ಸಮವಾಗುವವರೆಗೂ ಧೈರ್ಯದಿಂದ ಕಾದು, ಬಳಿಕ ಮುಚ್ಚಳವನ್ನು ತೆರೆದು ಬೌವರನೂ ಅವನ ಇಬ್ಬರು ಸಂಗಡಿಗರೂ ಮೇಲೆ ಬಂದು ಬದುಕಿದರು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಬಂದರುಗಳನ್ನು ಉತ್ತರದ ನೌಕಾಪಡೆ ಮುತ್ತಿದ್ದಾಗ ನಿರ್ಮಿತವಾದ ‘ಹನ್ಲಿ’ ಪರೀಕ್ಷೆಗಳಲ್ಲಿ ಎರಡು ಬಾರಿ ಮುಳುಗಿ, ನಿರ್ಮಾಣಕ್ಕೆ ಹಣ ಹೂಡಿದ ಹೊರೇಸ್ ಹನ್ಲಿಯನ್ನೂ ಸೇರಿಸಿ 13 ಜನರನ್ನು ಬಲಿ ತೆಗೆದುಕೊಂಡಿತು. ಆದರೂ 1864ರ ಫೆಬ್ರವರಿ 17ರ ರಾತ್ರಿ ಎಂಟು ಜನರನ್ನು ಹೊತ್ತು, ತೋಳ್ಬಲದಿಂದಲೇ ಚಾರ್ಲ್ಸ್‌ಟನ್ ಬಂದರಿನ ಹೊರಗೆ ಸಾಗಿ, ಮೂತಿಗೆ ಕಟ್ಟಿದ ಉದ್ದನೆಯ ದಂಡದ ತುದಿಯ ಸಿಡಿಮದ್ದಿನಿಂದ ‘ಹೂಸಟಾನಿಕ್’ ಎಂಬ ಯುದ್ಧನೌಕೆಯನ್ನು ಮುಳುಗಿಸಿತು. ಜಲಾಂತರ್ಗಾಮಿಯೊಂದು ಯುದ್ಧದಲ್ಲಿ ಹಡಗನ್ನು ಮುಳುಗಿಸಿದ್ದು ಅದೇ ಮೊದಲು. ‘ಹನ್ಲಿ’ಯೂ ಹಿಂದಿರುಗಲಿಲ್ಲ; ಅದರ ಒಡಲನ್ನು ಮೇಲೆತ್ತಿದ್ದು 2000ದ ಆಗಸ್ಟಿನಲ್ಲಿ.

ಕೈಬಲದ ಕಾಲ ಇಲ್ಲಿಗೆ ಮುಗಿಯಿತು. 1866ರಲ್ಲಿ ರಾಬರ್ಟ್ ವೈಟ್‌ಹೆಡ್ ಸ್ವಯಂಚಾಲಿತ ಟಾರ್ಪೆಡೊವನ್ನು ರೂಪಿಸಿದ ಮೇಲೆ, ಬ್ರಿಟಿಷ್ ಪ್ರಭುತ್ವದ ವಿರುದ್ಧ ಹೋರಾಡುತ್ತಿದ್ದ ಐರಿಷ್ ಕ್ರಾಂತಿಕಾರಿಗಳ ಧನಸಹಾಯದಿಂದ ಮೊದಲ ಪ್ರಯೋಗಗಳನ್ನು ನಡೆಸಿದ ಜಾನ್ ಹಾಲೆಂಡ್, ಮೇಲ್ಮೈಯಲ್ಲಿ ಪೆಟ್ರೋಲ್ ಯಂತ್ರದಿಂದಲೂ ಒಳಗೆ ವಿದ್ಯುತ್ತಿನಿಂದಲೂ ಚಲಿಸುವ ನೌಕೆಯನ್ನು ಸಿದ್ಧಪಡಿಸಿದನು. 1900ರ ಏಪ್ರಿಲಿನಲ್ಲಿ ಅಮೆರಿಕದ ನೌಕಾಪಡೆ ಅದನ್ನು ಕೊಂಡುಕೊಂಡಿತು. ಬುಷ್ನೆಲ್, ಬೌವರ್, ಹನ್ಲಿ, ಹಾಲೆಂಡ್ ಇವರೆಲ್ಲರೂ ದುರ್ಬಲ ಪಕ್ಷದ ಪರವಾಗಿ, ಪ್ರಬಲವಾದ ನೌಕಾಶಕ್ತಿಯನ್ನು ಎದುರಿಸುವುದಕ್ಕಾಗಿ ಶ್ರಮಿಸಿದವರೆಂಬುದು ಗಮನಾರ್ಹ.

ಮೈಸೂರಿನ ಎಳೆ

‘ಟರ್ಟಲ್’, ‘ನಾಟಿಲಸ್’ಗಳ ಕಾಲದಲ್ಲಿಯೇ, ಇದೇ ಬ್ರಿಟಿಷ್ ಶಕ್ತಿಯನ್ನು ಎದುರಿಸುತ್ತ ಮೈಸೂರು ರಾಜ್ಯವು ಬೇರೊಂದು ಆಯುಧವನ್ನು ಪರಿಷ್ಕರಿಸಿತು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದ ರಾಕೆಟ್ಟುಗಳು, ಅಂದರೆ ಕಬ್ಬಿಣದ ನಳಿಗೆಯಲ್ಲಿ ಮದ್ದನ್ನು ಗಟ್ಟಿಸಿ ಬಿದಿರಿನ ಗಳುವಿಗೆ ಕಟ್ಟಿ ಹಾರಿಸುತ್ತಿದ್ದ ಬಾಣಗಳು, 1780ರ ಪೊಳ್ಳಿಲೂರು ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಕಂಗೆಡಿಸಿದುವು. 2018ರಲ್ಲಿ ಮಲೆನಾಡಿನ ಬಿದನೂರು ನಗರದ ಹಳೆಯ ಬಾವಿಯೊಂದರಲ್ಲಿ ಇಂಥ ನಳಿಗೆಗಳು ಸಾವಿರಕ್ಕೂ ಮಿಕ್ಕಿ ದೊರೆತುವು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ತರುವಾಯ ವಿಜೇತರು ಒಯ್ದ ರಾಕೆಟ್ಟುಗಳನ್ನು ಮಾದರಿಯಾಗಿಟ್ಟುಕೊಂಡು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಸಿದ್ಧಪಡಿಸಿದನು. ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ 1804ರಲ್ಲಿ ಫುಲ್ಟನ್ನನ ನೀರೊಳಗಿನ ಸಿಡಿಮದ್ದುಗಳು ಪ್ರಯೋಗವಾದುವು. 1806ರಲ್ಲಿ ಅದೇ ಬಂದರಿನ ಮೇಲೆ ಕಾಂಗ್ರೀವನ ರಾಕೆಟ್ಟುಗಳು ಬಿದ್ದುವು. ಬಲಹೀನ ಪಕ್ಷಗಳ ಎರಡು ಉಪಾಯಗಳು ಬಲಶಾಲಿಯ ಆಯುಧಶಾಲೆಯನ್ನು ಸೇರಿದ್ದು ಹೀಗೆ.

ಸಾಹಿತ್ಯದಲ್ಲಿ ಈ ಸಂಬಂಧ ಇನ್ನೂ ನಿಕಟವಾದದ್ದು. ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ಸೃಷ್ಟಿಸಿದ ಜಲಾಂತರ್ಗಾಮಿಯ ಒಡೆಯ ಕ್ಯಾಪ್ಟನ್ ನೆಮೊ ಯಾರೆಂಬ ರಹಸ್ಯವು 1875ರಲ್ಲಿ ಪೂರ್ಣವಾಗಿ ಪ್ರಕಟವಾದ ‘ದಿ ಮಿಸ್ಟೀರಿಯಸ್ ಐಲೆಂಡ್’ ಕಾದಂಬರಿಯಲ್ಲಿ ಬಯಲಾಗುತ್ತದೆ. ಅವನು ಬುಂದೇಲಖಂಡದ ರಾಜಪುತ್ರ ಡಕ್ಕರ್, ಟಿಪ್ಪು ಸುಲ್ತಾನನ ಸಂಬಂಧಿ, 1857ರ ದಂಗೆಯಲ್ಲಿ ಸೋತು ಕಡಲಿನ ಆಳವನ್ನು ಆಶ್ರಯಿಸಿದವನು. ಇದು ಕೇವಲ ಕಲ್ಪನೆಯಾದರೂ, ಜಲಾಂತರ್ಗಾಮಿಯು ಸಾಮ್ರಾಜ್ಯಕ್ಕೆ ಸೋತವರ ಆಯುಧವೆಂಬ ತಿಳಿವಳಿಕೆಯು ಆ ಕಾಲದ ಯುರೋಪಿನಲ್ಲಿ ಎಷ್ಟು ಸಹಜವಾಗಿತ್ತೆಂಬುದನ್ನು ಅದು ಸೂಚಿಸುತ್ತದೆ.

ಗುಲಾಬಿಯ ಸಂಚಾರ

ಗುಲಾಬಿಯ ಕಾಡುಪ್ರಭೇದಗಳು ಭೂಮಿಯ ಉತ್ತರಾರ್ಧದಲ್ಲಿ ಮಾತ್ರ ಸಹಜವಾಗಿ ಬೆಳೆಯುತ್ತವೆ. ದಕ್ಷಿಣ ಭಾರತದಲ್ಲಿ ನೀಲಗಿರಿ, ಪಳನಿ ಬೆಟ್ಟಗಳ ಶೋಲೆಗಳಂಚಿನಲ್ಲಿ ಬಿಳಿಯ ಹೂವಿನ ರೋಸ ಲೆಶನಾಲ್ಟಿಯಾನ ಎಂಬ ಕಾಡುಗುಲಾಬಿಯುಂಟು. ಆದರೆ ಹಿತ್ತಿಲುಗಳಲ್ಲಿ ಕಾಣುವ ಗುಲಾಬಿ ಕಾಡಿನಿಂದ ಬಂದದ್ದಲ್ಲ. ಅದು ಪಶ್ಚಿಮ ಏಷ್ಯದ ಮತ್ತು ಚೀನದ ವಂಶಗಳು ಬೆರೆತು ಹುಟ್ಟಿದ್ದು. ಪಶ್ಚಿಮ ಏಷ್ಯದ ಡಮಾಸ್ಕ್ ಗುಲಾಬಿಗೆ ಗಾಢವಾದ ಪರಿಮಳವಿತ್ತು, ಆದರೆ ಸಾಮಾನ್ಯವಾಗಿ ಅದು ವರ್ಷಕ್ಕೊಮ್ಮೆ ಹೂಬಿಡುತ್ತಿತ್ತು; ಚೀನದ ಗುಲಾಬಿಗೆ ಪರಿಮಳ ಮಂದವಾದರೂ ಮತ್ತೆ ಮತ್ತೆ ಅರಳುವ ಗುಣವಿತ್ತು. 1790ರ ದಶಕದಿಂದ 1824ರವರೆಗಿನ ಅವಧಿಯಲ್ಲಿ ನಾಲ್ಕು ಚೀನೀ ತಳಿಗಳು ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ದಾರಿಯಲ್ಲಿ ಇಂಗ್ಲೆಂಡನ್ನು ತಲಪಿದುವು. ಆ ಸಂಕರದ ಪರಂಪರೆಯಲ್ಲಿ 1867ರಲ್ಲಿ ಪ್ರಕಟವಾದ ‘ಲಾ ಫ್ರಾನ್ಸ್’ ತಳಿಯನ್ನು ಹೈಬ್ರಿಡ್ ಟೀ ವರ್ಗದ ಆದಿಯೆಂದು ಪರಿಗಣಿಸುವುದು ವಾಡಿಕೆ. ಇಂದು ಹೂವಿನಂಗಡಿಯಲ್ಲಿ ಕಾಣುವ, ಒಂದು ಕಾಂಡಕ್ಕೊಂದು ನೀಳವಾದ ಮೊಗ್ಗಿನ ಗುಲಾಬಿಗಳು ಈ ವರ್ಗದವು.

ಯುದ್ಧವು ಎಲ್ಲ ಸರಕನ್ನೂ ತಡೆದ ಕಾಲದಲ್ಲಿ ಗುಲಾಬಿಗೆ ಮಾತ್ರ ದಾರಿ ಬಿಟ್ಟ ನಿದರ್ಶನವೂ ಉಂಟು. ಫುಲ್ಟನ್ನನ ‘ನಾಟಿಲಸ್’ ನೆಪೋಲಿಯನ್ನನ ಅನುಗ್ರಹವನ್ನು ಅರಸುತ್ತಿದ್ದ ವರ್ಷಗಳಲ್ಲಿಯೇ ಅವನ ಪತ್ನಿ ಜೋಸೆಫೀನ್ ಪ್ಯಾರಿಸ್ಸಿನ ಬಳಿಯ ಮಾಲ್ಮೇಸನ್ನಿನಲ್ಲಿ ಜಗತ್ಪ್ರಸಿದ್ಧವಾದ ಉದ್ಯಾನವನ್ನು ಬೆಳೆಸುತ್ತಿದ್ದಳು. ಬ್ರಿಟನ್ನೂ ಫ್ರಾನ್ಸೂ ಪರಸ್ಪರ ಬಂದರುಗಳನ್ನು ಮುಚ್ಚಿ ಕಾದುತ್ತಿದ್ದಾಗಲೂ ಲಂಡನ್ನಿನ ಸಸಿಗಾರ ಜಾನ್ ಕೆನೆಡಿ ರಹದಾರಿ ಪಡೆದು ಆ ಉದ್ಯಾನಕ್ಕೆ ಗಿಡಗಳನ್ನು ತಲಪಿಸುತ್ತಿದ್ದನು.

ಸಂಕೇತಾರ್ಥಗಳು

ಗುಲಾಬಿಗೆ ಸ್ವತಃ ಒಂದೇ ಅರ್ಥವಿಲ್ಲ. ಯಾರ ಕೈ ಸೇರಿತೋ ಅವರ ಅರ್ಥವನ್ನು ಅದು ಧರಿಸಿತು. ಗ್ರೀಕರಿಗೂ ರೋಮನರಿಗೂ ಅದು ಪ್ರಣಯದೇವತೆಯ ಹೂವಾಗಿತ್ತು. ಭೋಜನಶಾಲೆಯ ಚಾವಣಿಯಲ್ಲಿ ಚಿತ್ರಿತವಾದ ಗುಲಾಬಿ, ಅಲ್ಲಿ ಆಡಿದ ಮಾತು ಗುಟ್ಟಾಗಿರತಕ್ಕದ್ದೆಂಬುದಕ್ಕೆ ಸೂಚನೆಯೆಂದು ಯುರೋಪಿನಲ್ಲಿ ರೂಢಿಯಾಯಿತು. ಕ್ರೈಸ್ತರಿಗೆ ಅದು ಮಾತೆ ಮರಿಯಳ ಲಾಂಛನವಾಯಿತು. ಇಂಗ್ಲೆಂಡಿನಲ್ಲಿ 1455ರಿಂದ 1487ರವರೆಗೆ ಲಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳ ನಡುವೆ ನಡೆದ ಅಂತಃಕಲಹಕ್ಕೆ ಕೆಂಪು ಬಿಳಿ ಗುಲಾಬಿಗಳ ಹೆಸರೇ ನಿಂತಿತು. ಎರಡನ್ನೂ ಒಂದರೊಳಗೊಂದಿಟ್ಟ ಟ್ಯೂಡರ್ ಗುಲಾಬಿ ಸಂಧಾನದ ಚಿಹ್ನೆಯಾಯಿತು.

ಪಾರಸಿಕ ಕಾವ್ಯದಲ್ಲಿ ಗುಲಾಬಿ ಅಲಭ್ಯಳಾದ ಪ್ರಿಯತಮೆಯೂ ದೈವೀ ಸೌಂದರ್ಯವೂ ಆಗಿ, ಬುಲ್‌ಬುಲ್ ಹಕ್ಕಿ ಅದಕ್ಕಾಗಿ ಹಂಬಲಿಸುವ ಭಕ್ತನಾಗಿ ಕಾಣಿಸಿಕೊಂಡುವು. ಸೂಫಿ ಸಂತರ ಗೋರಿಗಳ ಮೇಲೆ ಹೂವಿನ ಚಾದರವನ್ನು ಹೊದಿಸುವ ಆಚಾರಕ್ಕೆ ಈ ಭಾವನೆಯ ಬೆಂಬಲವುಂಟು. ಗುಲಾಬಿಯ ಅತ್ತರನ್ನು ಕಂಡುಹಿಡಿದ ಕೀರ್ತಿಯನ್ನು ಜಹಾಂಗೀರನು ತನ್ನ ಆತ್ಮಚರಿತೆಯಲ್ಲಿ ನೂರ್‌ಜಹಾನಳ ತಾಯಿಗೆ ಸಲ್ಲಿಸಿದ್ದಾನೆ.

ಕನ್ನಡದ ಹಳೆಯ ಕವಿಗಳ ವನವರ್ಣನೆಗಳಲ್ಲಿ ಮೆರೆಯುವ ಹೂಗಳು ಮಲ್ಲಿಗೆ, ಸಂಪಿಗೆ, ಕೇದಗೆ, ಪಾದರಿ, ಸುರಗಿ ಮೊದಲಾದವು. ಗುಲಾಬಿಗೆ ಅಲ್ಲಿ ಅಂಥ ಪ್ರಾಧಾನ್ಯವಿಲ್ಲ. ಆದರೂ ಹೊರಗಿನಿಂದ ಬಂದ ಈ ಹೂವು ಪನ್ನೀರಿನ ರೂಪದಲ್ಲಿ ಎಲ್ಲ ಜಾತಿ ಮತಗಳ ಮಂಗಳಕಾರ್ಯಗಳನ್ನೂ ಪ್ರವೇಶಿಸಿತು. ಮದುವೆಮನೆಯ ಬಾಗಿಲಲ್ಲಿ ನಿಂತ ಹೆಣ್ಣುಮಕ್ಕಳು ಉದ್ದ ಕತ್ತಿನ ಬೆಳ್ಳಿಯ ಪನ್ನೀರುದಾನಿಯಿಂದ ಬೀಗರ ಮೇಲೆ ಹನಿಗಳನ್ನು ಚಿಮುಕಿಸಿ, ತಟ್ಟೆಯಿಂದ ಕಲ್ಲುಸಕ್ಕರೆಯನ್ನೂ ಹೂವನ್ನೂ ಕೊಡುವ ಪದ್ಧತಿಯಲ್ಲಿ ಗುಲಾಬಿಯ ಅರ್ಥ ಪ್ರಣಯವಲ್ಲ, ಅತಿಥಿಸತ್ಕಾರ. ಜವಾಹರಲಾಲ್ ನೆಹರೂ ಅವರು ತಮ್ಮ ಅಂಗಿಯ ಗುಂಡಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕೆಂಪು ಗುಲಾಬಿ ಸ್ವತಂತ್ರ ಭಾರತದ ಮೊದಲ ದಶಕಗಳ ಚಿತ್ರದಲ್ಲಿ ಅಚ್ಚಳಿಯದೆ ನಿಂತಿದೆ.

ಕಾಫಿ ಸೀಮೆಯ ಗುಲಾಬಿ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಿಂದ ಯುರೋಪಿಯನ್ ತೋಟಗಾರರು ಚಿಕ್ಕಮಗಳೂರು, ಮಂಜರಾಬಾದು ಪ್ರಾಂತಗಳಲ್ಲಿ ಕಾಫಿ ತೋಟಗಳನ್ನು ತೆರೆಯತೊಡಗಿದರು. ದೊರೆಗಳ ಬಂಗಲೆಯ ಎದುರಿನ ಹುಲ್ಲುಹಾಸಿನ ಸುತ್ತ ಗುಲಾಬಿಯ ಪಾತಿಗಳಿರುವುದು ಅವರ ಬಾಳಿನ ಒಂದು ಲಕ್ಷಣವಾಗಿತ್ತು. ಸಾವಿರಾರು ಮೈಲಿ ದೂರದ ತವರಿನ ನೆನಪನ್ನು ಅದು ಕಾಪಾಡುತ್ತಿತ್ತು. ಬಂಗಲೆಯ ಪಾತಿಯಿಂದ ರೈಟರ ಮನೆಯ ಅಂಗಳಕ್ಕೆ, ಅಲ್ಲಿಂದ ಕೂಲಿ ಲೈನುಗಳ ಮುಂದಿನ ಒಡೆದ ಮಡಕೆ, ಹಳೆಯ ಡಬ್ಬಿಗಳಿಗೆ ಗುಲಾಬಿಯ ಕಡ್ಡಿ ಇಳಿದು ಬಂದದ್ದು ಮಲೆನಾಡಿನ ಹೆಂಗಸರ ಪರಸ್ಪರ ವಿನಿಮಯದಿಂದ. ನೆಂಟರ ಮನೆಗೆ ಹೋದವರು ಹೊರಡುವಾಗ ಬಾಳೆಪಟ್ಟೆಯಲ್ಲಿ ಸುತ್ತಿದ ಒಂದೆರಡು ಕಡ್ಡಿಗಳನ್ನು ತರುವ ಪದ್ಧತಿಗೆ ಬೆಲೆಯಾಗಲಿ ಲೆಕ್ಕವಾಗಲಿ ಇರಲಿಲ್ಲ.

ಈ ಸೀಮೆಯ ಹವೆ ಗುಲಾಬಿಗೆ ಅರ್ಧ ವರ್ಷ ಮಿತ್ರ, ಅರ್ಧ ವರ್ಷ ಶತ್ರು. ಜೂನಿನಿಂದ ಸೆಪ್ಟೆಂಬರಿನವರೆಗೆ ಎಡೆಬಿಡದೆ ಸುರಿಯುವ ಮಳೆಯಲ್ಲಿ ಎಲೆಗಳಿಗೆ ಕಪ್ಪುಚುಕ್ಕೆ ರೋಗ ತಗಲಿ ಉದುರುತ್ತವೆ, ಮೊಗ್ಗು ಬಿರಿಯದೆ ಕೊಳೆಯುತ್ತದೆ. ಆ ದಿನಗಳಲ್ಲಿ ಅಂಗಳದ ಆಧಿಪತ್ಯ ಡೇರೆ ಹೂವಿನದು. ಮಳೆ ಹಿಂದೆಗೆದು ದಸರೆ ಕಳೆಯುತ್ತಲೇ ಒಣಗಿದ, ಹೆಣೆದುಕೊಂಡ ರೆಂಬೆಗಳನ್ನು ಕತ್ತರಿಸಿ, ಬುಡ ಬಿಡಿಸಿ, ಕೊಳೆತ ಕಾಫಿ ಸಿಪ್ಪೆಯ ಗೊಬ್ಬರವನ್ನು ಹಾಕಿದರೆ ಆರೇಳು ವಾರಗಳಲ್ಲಿ, ಕಣದಲ್ಲಿ ಕಾಫಿ ಹರಡುವ ಹೊತ್ತಿಗೆ, ಮೊದಲ ಹೂ ಬರುತ್ತದೆ. ಮಾರ್ಚಿ ಏಪ್ರಿಲಿನ ಹೂಮಳೆಗೆ ಕಾಫಿ ಗಿಡಗಳು ಒಂದೇ ವಾರದಲ್ಲಿ ಬೆಳ್ಳಗಾಗಿ ಮುಗಿದುಹೋಗುವಾಗ, ಗುಲಾಬಿಯು ಅದಕ್ಕೆ ಮೊದಲೂ ಆಮೇಲೂ ಅರಳುತ್ತಲೇ ಇರುವುದಕ್ಕೆ ಮೇಲೆ ಹೇಳಿದ ಚೀನೀ ವಂಶದ ಗುಣವೇ ಕಾರಣ.

ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಗುಲಾಬಿ ತೋಟವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ವಿಶ್ರಾಂತಿಧಾಮವಾಗಿದ್ದುದರಿಂದ ಅದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಉಂಟು. ಅದೇ ಬೆಟ್ಟದ ಅದಿರು 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇಳಿದುಹೋಗುತ್ತಿತ್ತು. ಒಂದೇ ಕೆಂಪು ಮಣ್ಣು ಕುಲುಮೆಗೂ ಹೂವಿಗೂ ಆಧಾರವಾಯಿತು. ದೇವಾಲಯಗಳಲ್ಲಿ ದಾಸವಾ‌ಳ, ಕೇಪಳ, ಸಂಪಿಗೆಗಳ ಹಿಂದಿನ ಹಕ್ಕಿಗೆ ಚ್ಯುತಿಯಿಲ್ಲದಿದ್ದರೂ ಗುಲಾಬಿಯ ಹಾರ ನಿಷಿದ್ಧವಲ್ಲ. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವಾಗಿ ಸಂಘಟಿತವಾದ ಕ್ಯಾಥೊಲಿಕ್ ಸಮಾಜದಲ್ಲಿ ಅದು ಮರಿಯಮ್ಮನ ಹೂವು. ಒಂದೇ ಪೇಟೆಯ ಒಂದೇ ಅಂಗಡಿಯ ಬುಟ್ಟಿಯಿಂದ ಗುಡಿ, ದರ್ಗಾ, ಇಗರ್ಜಿಗಳಿಗೆ ಹೂ ಹೊರಡುವುದನ್ನು ಈ ಊರುಗಳಲ್ಲಿ ದಿನವೂ ಕಾಣಬಹುದು.

ಮಹಾಯುದ್ಧಗಳೂ ಕಾಫಿಯ ದಾರಿಯೂ

ಘಟ್ಟದ ಮೇಲಿನ ಕಾಫಿ ಎತ್ತಿನ ಗಾಡಿಗಳಲ್ಲಿ ಕೊಟ್ಟಿಗೆಹಾರವನ್ನು ದಾಟಿ, ಚಾರ್ಮಾಡಿ ಘಾಟಿಯನ್ನಿಳಿದು, ಮಂಗಳೂರಿನ ಸಂಸ್ಕರಣ ಕಾರ್ಖಾನೆಗಳನ್ನು ಸೇರಿ, ಅಲ್ಲಿಂದ ದೋಣಿಗಳ ಮೂಲಕ ದೂರದಲ್ಲಿ ಲಂಗರು ಹಾಕಿದ ಹಡಗುಗಳನ್ನೇರುತ್ತಿತ್ತು. ಅದರ ಮುಖ್ಯ ಗಿರಾಕಿಗಳು ಯುರೋಪಿನಲ್ಲಿದ್ದರು. 1914ರ ಸೆಪ್ಟೆಂಬರ್ 22ರಂದು ಜರ್ಮನಿಯ ಯು-9 ಎಂಬ ಜಲಾಂತರ್ಗಾಮಿ ಉತ್ತರ ಸಮುದ್ರದಲ್ಲಿ ಬ್ರಿಟನ್ನಿನ ಮೂರು ಯುದ್ಧನೌಕೆಗಳನ್ನು ಒಂದೂವರೆ ಗಂಟೆಯೊಳಗೆ ಮುಳುಗಿಸಿ 1,400ಕ್ಕೂ ಹೆಚ್ಚು ನಾವಿಕರ ಸಾವಿಗೆ ಕಾರಣವಾಯಿತು. ಅದೇ ದಿನ ರಾತ್ರಿ ‘ಎಮ್ಡೆನ್’ ಎಂಬ ಜರ್ಮನ್ ಯುದ್ಧನೌಕೆ ಮದರಾಸಿನ ತೈಲಾಗಾರಗಳ ಮೇಲೆ ಗುಂಡು ಹಾರಿಸಿತು. ಸಮುದ್ರಮಾರ್ಗ ಇನ್ನು ನಿರಾತಂಕವಲ್ಲವೆಂಬುದು ಯುರೋಪಿಗೂ ದಕ್ಷಿಣ ಭಾರತಕ್ಕೂ ಒಂದೇ ದಿನ ತಿಳಿಯಿತು. 1917ರ ಫೆಬ್ರವರಿಯಿಂದ ಜರ್ಮನಿ ವ್ಯಾಪಾರಿ ಹಡಗುಗಳ ಮೇಲೆ ನಿರ್ಬಂಧವಿಲ್ಲದ ಜಲಾಂತರ್ಗಾಮಿ ಯುದ್ಧವನ್ನು ಸಾರಿದಾಗ, ಹಡಗುಗಳ ಕೊರತೆಯಿಂದ ಬ್ರಿಟನ್ ಅನೇಕ ಸರಕುಗಳ ಆಮದನ್ನು ಬಿಗಿಗೊಳಿಸಿತು. ಅನ್ನಕ್ಕೆ ಬೇಕಾದ ಗೋಧಿಯ ಮುಂದೆ ಕಾಫಿಗೆ ಹಡಗಿನಲ್ಲಿ ಜಾಗ ದೊರೆಯುವುದು ಸಹಜವಾಗಿಯೇ ದುಸ್ತರವಾಯಿತು.

ಎರಡನೆಯ ಮಹಾಯುದ್ಧದಲ್ಲಿ ಈ ವಿಪತ್ತು ಹಿಂದೂ ಮಹಾಸಾಗರಕ್ಕೂ ವ್ಯಾಪಿಸಿತು. ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ ‘ತಿಲಾವ’ ಎಂಬ ಪ್ರಯಾಣಿಕರ ಹಡಗನ್ನು 1942ರ ನವೆಂಬರ್ 23ರಂದು ಜಪಾನಿನ ಐ-29 ಎಂಬ ಜಲಾಂತರ್ಗಾಮಿ ಮುಳುಗಿಸಿದಾಗ 280 ಜನರು ಮಡಿದರು. ಅದೇ ಐ-29, ಐದು ತಿಂಗಳ ತರುವಾಯ, ಜರ್ಮನಿಯ ಕೀಲ್ ಬಂದರಿನಿಂದ 1943ರ ಫೆಬ್ರವರಿ 9ರಂದು ಯು-180ರಲ್ಲಿ ಹೊರಟಿದ್ದ ಸುಭಾಷಚಂದ್ರ ಬೋಸರನ್ನು ಮಡಗಾಸ್ಕರ್ ಬಳಿಯ ನಡುಗಡಲಿನಲ್ಲಿ ತನ್ನೊಳಗೆ ಬರಮಾಡಿಕೊಂಡಿತು. ಒಂದೇ ನೌಕೆ ಭಾರತೀಯರಿಗೆ ಮೃತ್ಯುವೂ ವಾಹನವೂ ಆದದ್ದು ಯುದ್ಧದ ವೈಪರೀತ್ಯ. ಬೋಸರು ಕೀಲನ್ನು ಬಿಟ್ಟ ಆ ತಿಂಗಳ 22ರಂದೇ ಜರ್ಮನಿಯ ಮ್ಯೂನಿಕ್ಕಿನಲ್ಲಿ, ‘ಬಿಳಿ ಗುಲಾಬಿ’ ಎಂಬ ಹೆಸರಿನಿಂದ ಹಿಟ್ಲರನ ವಿರುದ್ಧ ಕರಪತ್ರಗಳನ್ನು ಹಂಚಿದ ಸೋಫಿ ಶೋಲ್, ಹಾನ್ಸ್ ಶೋಲ್ ಮೊದಲಾದ ತರುಣರ ಶಿರಚ್ಛೇದವಾಯಿತು.

ಜಲಾಂತರ್ಗಾಮಿಯೂ ಗುಲಾಬಿಯೂ ನೇರವಾಗಿ ಸಂಧಿಸಿದ್ದು ಇದೇ ಯುದ್ಧದಲ್ಲಿ. ಜರ್ಮನ್ ಜಲಾಂತರ್ಗಾಮಿಗಳ ಹಾವಳಿಯಿಂದ ಕಿತ್ತಳೆ ಹಣ್ಣಿನ ಆಮದು ಕುಸಿದು ಮಕ್ಕಳಿಗೆ ಸಿ ಜೀವಸತ್ವದ ಅಭಾವವುಂಟಾಗುವ ಭಯ ಬಂದಾಗ, ಬ್ರಿಟನ್ನಿನ ಶಾಲಾಮಕ್ಕಳೂ ಮಹಿಳೆಯರೂ 1941ರಿಂದ ಬೇಲಿಗಳ ಕಾಡುಗುಲಾಬಿಯ ಕೆಂಪು ಕಾಯಿಗಳನ್ನು ನೂರಾರು ಟನ್ ಕೂಡಿಸಿದರು. ಅದರಿಂದ ಪಾನಕವನ್ನು ತಯಾರಿಸಿ ಹಂಚಲಾಯಿತು. ಫ್ರಾನ್ಸಿನ ಫ್ರಾನ್ಸಿಸ್ ಮೇಯ್ಯಾಂ ಯುದ್ಧಕ್ಕೆ ಮೊದಲು ರೂಪಿಸಿ, ಯುದ್ಧದ ಹೊಸ್ತಿಲಲ್ಲಿ ಅಮೆರಿಕಕ್ಕೆ ಕಳುಹಿಸಿದ್ದ ಹಳದಿ ಗುಲಾಬಿಗೆ 1945ರ ಏಪ್ರಿಲ್ 29ರಂದು ಕ್ಯಾಲಿಫೋರ್ನಿಯದಲ್ಲಿ ‘ಪೀಸ್’, ಎಂದರೆ ಶಾಂತಿ, ಎಂದು ನಾಮಕರಣವಾಯಿತು.

ಕಾಫಿ ಸೀಮೆಗೆ ಈ ಯುದ್ಧದ ಫಲ ಅನಿರೀಕ್ಷಿತವಾದದ್ದು. ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಕಾಫಿ ಸೆಸ್ ಸಮಿತಿ ಆಗಲೇ ಏರ್ಪಟ್ಟಿತ್ತು. ಅದರ ಮೊದಲ ಕಾಫಿ ಹೌಸ್ ಮರುವರ್ಷ ಮುಂಬಯಿಯಲ್ಲಿ ತೆರೆದಿತ್ತು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿ ದಾಸ್ತಾನು ಬೆಟ್ಟದ ಮೇಲೆಯೇ ಉಳಿಯುವ ಸಂದರ್ಭ ಬಂದಾಗ ಸರ್ಕಾರವು 1940ರಲ್ಲಿ ಸುಗ್ರೀವಾಜ್ಞೆಯ ಮೂಲಕ ಮಾರುಕಟ್ಟೆ ವಿಸ್ತರಣ ಮಂಡಲಿಯನ್ನು ರಚಿಸಿತು. 1942ರ ಶಾಸನ ಅದನ್ನು ಸ್ಥಿರಗೊಳಿಸಿತು. ಅದೇ ಕಾಫಿ ಬೋರ್ಡು. ಬೆಳೆಗಾರರೆಲ್ಲರೂ ತಮ್ಮ ಕಾಫಿಯನ್ನು ಪೂಲಿಗೆ ಒಪ್ಪಿಸಬೇಕು, ಬೋರ್ಡು ಅದನ್ನು ಒಟ್ಟಾಗಿ ಮಾರಿ ಹಣವನ್ನು ಕಂತುಗಳಲ್ಲಿ ಹಂಚಬೇಕು ಎಂಬ ಏರ್ಪಾಡಿನಿಂದ ಐದೆಕರೆಯ ರೈತನೂ ದೊಡ್ಡ ತೋಟದ ಒಡೆಯನೂ ಒಂದೇ ಕ್ರಮಕ್ಕೆ ಒಳಪಟ್ಟರು. ಹೊರದೇಶದ ಗಿರಾಕಿಯನ್ನು ಕಳೆದುಕೊಂಡ ಬೆಳೆ ಸ್ವದೇಶದ ಗಿರಾಕಿಯನ್ನು ಹುಡುಕಿಕೊಂಡಿತು. 1925ರಿಂದ ಬಾಳೆಹೊನ್ನೂರಿನಲ್ಲಿ ನಡೆಯುತ್ತಿದ್ದ ಸಂಶೋಧನ ಕೇಂದ್ರ ಬೋರ್ಡಿನ ಆಶ್ರಯಕ್ಕೆ ಬಂದು, ಎಸ್. 795ರಂಥ ತಳಿಗಳನ್ನು ಬೆಳೆಗಾರರಿಗೆ ಒದಗಿಸಿತು. ಪೂಲಿನ ಪದ್ಧತಿ ಮುಕ್ತಾಯವಾದದ್ದು 1996ರಲ್ಲಿ; ಯುದ್ಧದ ತಾತ್ಕಾಲಿಕ ಉಪಾಯವೊಂದು ಅರ್ಧ ಶತಮಾನಕ್ಕೂ ಮೀರಿ ಬಾಳಿತು.

ಉತ್ತರಕಾಲ

ಸ್ವತಂತ್ರ ಭಾರತದ ಮೊದಲನೆಯ ಜಲಾಂತರ್ಗಾಮಿ ‘ಕಲ್ವರಿ’ 1967ರ ಡಿಸೆಂಬರ್ 8ರಂದು ನೌಕಾಪಡೆಯನ್ನು ಸೇರಿತು. ನಾಲ್ಕು ವರ್ಷಗಳ ಬಳಿಕ, 1971ರ ಡಿಸೆಂಬರ್ 9ರಂದು, ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿಯ ಆಘಾತಕ್ಕೆ ಭಾರತದ ಯುದ್ಧನೌಕೆ ‘ಖುಕ್ರಿ’ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಡದೆ ಅದರೊಡನೆಯೇ ಜಲಸಮಾಧಿಯಾದರು. ಕರ್ನಾಟಕದ ಕರಾವಳಿಯಲ್ಲಿ, ಕಾರವಾರದ ಬಳಿ, ‘ಕದಂಬ’ ನೌಕಾನೆಲೆ 2005ರ ಮೇ 31ರಂದು ಸೇವೆಗೆ ಅರ್ಪಿತವಾಯಿತು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬರೆದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಮಿಲೆನಿಯಮ್ ಸರಣಿಯಲ್ಲಿ ‘ಮಹಾಯುದ್ಧ’ದ ಸಂಪುಟಗಳನ್ನು ಸೇರಿಸಿ, ಜಗತ್ತಿನ ಈ ವೃತ್ತಾಂತಗಳನ್ನು ಮಲೆನಾಡಿನ ಓದುಗರ ಮನೆಗೆ ತಂದರು.

ಕಾಫಿ ಸೀಮೆಯ ಚರಿತ್ರೆಯನ್ನು ಮಳೆ, ಮಣ್ಣು, ಮರಗಸಿಗಳ ಚರಿತ್ರೆಯಾಗಿ ಮಾತ್ರ ಬರೆಯುವುದು ಅಪೂರ್ಣ. ಅದರ ಬೆಳೆಯನ್ನೂ ಹೂವನ್ನೂ ತಂದದ್ದು ಕಡಲ ದಾರಿ. ಆ ದಾರಿಯನ್ನು ತಡೆದು ಇಲ್ಲಿಯ ಮಾರುಕಟ್ಟೆಯ ಸ್ವರೂಪವನ್ನೇ ಬದಲಿಸಿದ್ದು ಇಲ್ಲಿ ಯಾರೂ ಕಣ್ಣಾರೆ ಕಾಣದ ಒಂದು ಯಂತ್ರ. ಇದಕ್ಕೆ ಸಾಕ್ಷ್ಯವಾಗಬಲ್ಲ 1914–18 ಮತ್ತು 1939–45ರ ತೋಟದ ಲೆಕ್ಕಪುಸ್ತಕಗಳು, ಹಡಗಿನ ರಸೀದಿಗಳು, ಪೂಲಿನ ಚೀಟಿಗಳು, ಸಸಿಗಾರರ ಬೆಲೆಪಟ್ಟಿಗಳು ಹಳೆಯ ಬಂಗಲೆಗಳ, ತೊಟ್ಟಿಮನೆಗಳ ಅಟ್ಟಗಳಲ್ಲಿ ಇನ್ನೂ ಉಳಿದಿದ್ದರೆ, ಅವು ಗೆದ್ದಲಿಗೆ ಆಹಾರವಾಗುವ ಮುನ್ನ ಮನೆಯವರು ಅವನ್ನು ಹೊರತೆಗೆದು ಪತ್ರಾಗಾರಗಳಿಗೋ ವಿಶ್ವವಿದ್ಯಾಲಯಗಳಿಗೋ ಒಪ್ಪಿಸುವುದು ಉಚಿತ.